32.5 ಬರಾಬರಿ ಇತ್ತು, ಲಾರಿ ಮಾತ್ರ ಎಳೆಯಲಿಲ್ಲ

ಬೇಸಿಗೆ ಭತ್ತದ ಕೊಯ್ಲು ಮುಗಿಯುವ ಹೊತ್ತು. ಸಿಂಧನೂರು ಕಡೆ ಏಪ್ರಿಲ್ ಕೊನೆ ಅಂದ್ರೆ ಕೇಳಬೇಡಿ, ಮೇಲೆ ಬಿಸಿಲು, ಕೆಳಗೆ ಧೂಳು, ಆಕಾಶದಲ್ಲಿ ಎಲ್ಲಾದರೂ ಒಂದು ಮೋಡ ಕಂಡರೆ ಎದೆ ಢವಢವ. ಕಣದಲ್ಲಿ ಭತ್ತ ಬಿದ್ದಿದೆ, ಕಟಾವು ಯಂತ್ರದವನು ಮುಂದಿನ ಊರಿಗೆ ಹೊರಡಲು ಅವಸರ ಮಾಡ್ತಿದ್ದಾನೆ. ಅಂಥ ದಿನ ನಮ್ಮ ಅಣ್ಣತಮ್ಮಂದಿರ ಪಾಲಿನ ಲಾರಿ ಭತ್ತ ತುಂಬಿಕೊಂಡು ಮಿಲ್ಲಿನ ಕಡೆ ಹೊರಟಿದ್ದು ಅರ್ಧ ದಾರಿಯಲ್ಲಿ ಎಳೆಯಲೊಲ್ಲೆ ಅಂತು. ನಿಂತಿಲ್ಲ, ಕೆಟ್ಟಿಲ್ಲ. ಎಂಜಿನ್ ಓಡ್ತಾನೇ ಇದೆ. ಆದರೆ ಏರು ಬಂದರೆ ಮುದಿ ಎತ್ತಿನ ಹಾಗೆ.

ಡ್ರೈವರ್ ಫೋನ್ ಮಾಡಿದ: "ಯಜಮಾನ್ರ, ಡೆಫ್ ಲೈಟು ಎರಡು ದಿನದಿಂದ ಬರ್ತಿತ್ರಿ. ಬಕೆಟ್ ಹಾಕೀನಲ್ಲ, ತಾನ ಹೋಗ್ತದ ಅಂತ ಸುಮ್ನಿದ್ದೆ."

ಬಿಎಸ್6 ಲಾರಿ ಇಟ್ಟವರಿಗೆ ಇದು ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಎರಡು ಮಾತು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್6 ಬಂತು. ಅಂದಿನಿಂದ ದೊಡ್ಡ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲೇ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು. ಅದಕ್ಕೆ ಹಾಕುವುದೇ ಡೆಫ್. ಕೆಲವರು ಆಡ್‌ಬ್ಲೂ ಅಂತಾರೆ, ನಮ್ಮ ಡ್ರೈವರುಗಳು ಸೀದಾ ಯೂರಿಯಾ ಅಂತಾರೆ. ಅವರು ಹೇಳೋದೂ ತಪ್ಪಲ್ಲ. ಅದು ಶುದ್ಧ ಯೂರಿಯಾ ಮತ್ತು ಖನಿಜಾಂಶ ತೆಗೆದ ಶುದ್ಧ ನೀರು, ಇನ್ನೇನೂ ಇಲ್ಲ. ಹೊಗೆ ಕೊಳವೆಯ ಕಾವಿಗೆ ಆ ಯೂರಿಯಾ ಒಡೆದು ಅಮೋನಿಯಾ ಆಗುತ್ತೆ. ಅಮೋನಿಯಾ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲದ ಜೊತೆ ಸೇರಿ ಕ್ಯಾಟಲಿಸ್ಟ್ ಡಬ್ಬಿಯೊಳಗೆ ಬರೀ ನೈಟ್ರೋಜನ್ ಮತ್ತು ನೀರಾವಿ ಆಗಿ ಹೊರಗೆ ಹೋಗುತ್ತೆ. ಈ ಕೆಲಸ ಸರಿಯಾಗಿ ಆಗ್ತಿಲ್ಲ ಅಂತ ಹಿಂದಿನ ಸೆನ್ಸರ್ ಹೇಳಿದರೆ ಕಂಪ್ಯೂಟರು ಮೊದಲು ದೀಪ ಹಚ್ಚುತ್ತೆ, ಆಮೇಲೆ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತೆ. ನಮ್ಮ ಲಾರಿಗೆ ಆಗಿದ್ದು ಅದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೂ ಹೊಸ ಹೊಗೆ ನಿಯಮ ಬಂದಿದೆ. ಹಾಗಾಗಿ "ಇದು ಲಾರಿಯವರ ತಲೆನೋವು, ನಮಗ್ಯಾಕೆ" ಅನ್ನೋ ಹಾಗಿಲ್ಲ. ಇವತ್ತಲ್ಲ ನಾಳೆ ಹೊಲದ ಬದುವಿಗೂ ಈ ಬಕೆಟ್ ಬರುತ್ತೆ.

ಈಗ ವಿಷಯಕ್ಕೆ ಬರ್ತೀನಿ.

ಮೆಕ್ಯಾನಿಕ್ ಬಂದ. ಜೇಬಿನಿಂದ ಟಾರ್ಚಿನಷ್ಟು ಉದ್ದದ ರಿಫ್ರಾಕ್ಟೋಮೀಟರ್ ತೆಗೆದ. ಡೆಫ್ ಟ್ಯಾಂಕಿನಿಂದ ಎರಡು ಹನಿ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದ. ನನಗೂ ತೋರಿಸಿದ. ಗೆರೆ ಸರಿಯಾಗಿ 32.5ರ ಮೇಲೆ. ನಾನು ಅಂದೆ, "ಮತ್ತ ಸರಿ ಅದಲ್ಲಪಾ." ಅವನು ಏನೂ ಹೇಳಲಿಲ್ಲ. ಡೋಸಿಂಗ್ ಇಂಜೆಕ್ಟರ್ ಬಿಚ್ಚಿದ. ಬಾಯಿ ತುಂಬ ಬಿಳಿ ಗಟ್ಟಿ ಸುಣ್ಣದಂಥದ್ದು. ಫಿಲ್ಟರ್ ಹೊರಗೆ ತೆಗೆದ, ಬೆರಳಿಗೆ ಜಿಡ್ಡು. ಉಳಿದ ಬಕೆಟ್ಟಿನಿಂದ ಒಂದಿಷ್ಟು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದ. ಸ್ವಲ್ಪ ಮಬ್ಬು, ಮೇಲೆ ತೆಳ್ಳಗೆ ಎಣ್ಣೆ ಪೊರೆ. ಮೂಸಿ ನೋಡಿ ನನ್ನ ಕೈಗೆ ಕೊಟ್ಟ. ನಲವತ್ತು ವರ್ಷದಿಂದ ಬೇವಿನ ಮರದ ಕೆಳಗೆ ಮಲಗಿದವನಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಿಲ್ಲ.

ಬಕೆಟ್ ತಂದಿದ್ದು ನಮ್ಮ ಅಣ್ಣನ ಮಗ. ಹೆದ್ದಾರಿ ಬದಿಯ ಒಂದು ಅಂಗಡಿ, ಬೇರೆ ಕಡೆಗಿಂತ ಮುನ್ನೂರು ರೂಪಾಯಿ ಕಡಿಮೆ. ಹುಡುಗ ದಡ್ಡನಲ್ಲ, ಕೇಳಿಯೇ ತಂದಿದ್ದ. "ಕಾಕಾ, ಅಂಗಡಿಯವನೇ ಮೀಟರ್ ಹಾಕಿ ತೋರ್ಸಿದ. 32.5 ಬರಾಬರಿ ಬಂತು. ಅದಕ್ಕ ತಂದೆ." ಅವನ ಮುಖ ನೋಡಿ ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಅಂಗಡಿಯವನು ಸುಳ್ಳು ಮೀಟರ್ ತೋರಿಸಿರಲಿಲ್ಲ. ಮೀಟರ್ ಸತ್ಯವನ್ನೇ ಹೇಳಿತ್ತು, ಆದರೆ ನಮಗೆ ಬೇಕಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದು ಗೊಬ್ಬರದ ಚೀಲವೇ ಅಂತ ನಾನು ಆಣೆ ಇಡಲಾರೆ. ಆದರೆ ರಿಪೇರಿಗೆ ನಲವತ್ತು ಸಾವಿರದ ಹತ್ತಿರ ಹೋಯ್ತು. ನಾಲ್ಕು ದಿನ ಲಾರಿ ಇಲ್ಲ. ಭತ್ತ ಬಾಡಿಗೆ ಟ್ರ್ಯಾಕ್ಟರುಗಳಲ್ಲಿ ಹೋಯ್ತು.

32.5 ಅಂದ್ರೆ ಏನು, ಯಾಕೆ ಅದೇ ಸಂಖ್ಯೆ? ನೂರು ಕಿಲೋ ದ್ರಾವಣದಲ್ಲಿ ಮೂವತ್ತೆರಡೂವರೆ ಕಿಲೋ ಯೂರಿಯಾ. ಈ ಪ್ರಮಾಣದಲ್ಲಿ ದ್ರಾವಣ ಅತಿ ಕಡಿಮೆ ತಾಪದಲ್ಲಿ, ಸೊನ್ನೆಗಿಂತ 11 ಡಿಗ್ರಿ ಕೆಳಗೆ, ಹೆಪ್ಪುಗಟ್ಟುತ್ತೆ. ಹೆಚ್ಚಾದರೂ ಕಡಿಮೆಯಾದರೂ ಅದಕ್ಕಿಂತ ಮೊದಲೇ ಗಡ್ಡೆ ಕಟ್ಟಲು ಶುರು. ಚಳಿ ದೇಶಗಳ ಲೆಕ್ಕ ಅದು, ರಾಯಚೂರಿನ ಬಿಸಿಲಿಗೆ ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ಲಾರಿಯ ಕಂಪ್ಯೂಟರು ಎಷ್ಟು ಚಿಮ್ಮಿಸಬೇಕು ಅನ್ನೋದನ್ನ ಆ ಸಂಖ್ಯೆ ಇಟ್ಟುಕೊಂಡೇ ಲೆಕ್ಕ ಹಾಕುತ್ತೆ. ಐಎಸ್‌ಒ 22241 ಅನ್ನೋ ಜಾಗತಿಕ ಮಾನಕ 31.8ರಿಂದ 33.2ರವರೆಗೆ ಒಪ್ಪುತ್ತೆ. ಆಚೆ ಈಚೆ ಒಂದು ಶೇಕಡಾ ಸಹ ಇಲ್ಲ. 20 ಲೀಟರ್ ಒಳ್ಳೆಯ ಡೆಫ್‌ಗೆ ಅರ್ಧ ಲೀಟರ್ ನೀರು ಬೆರೆಸಿದರೆ ಸಾಕು, ಅದು ಮಾನಕದಿಂದ ಹೊರಗೆ. ಯೂರಿಯಾ ಕಡಿಮೆಯಾದರೆ ವಿಷಾನಿಲ ಪೂರ್ತಿ ಸಾಯಲ್ಲ. ಹೆಚ್ಚಾದರೆ ಉಳಿದ ಅಮೋನಿಯಾ ಹೊಗೆಯಲ್ಲಿ ಹೊರಗೆ ಬರುತ್ತೆ, ಕೊಳವೆಯಲ್ಲಿ ಹರಳು ಕಟ್ಟುತ್ತೆ.

ಹಾಗಾದರೆ ಅಳೆಯೋದು ಹೇಗೆ? ಮೂರು ದಾರಿ. ಒಂದು, ಬೆಳಕು ದ್ರಾವಣದಲ್ಲಿ ಎಷ್ಟು ಬಾಗುತ್ತೆ ಅಂತ ನೋಡೋದು, ಅದೇ ರಿಫ್ರಾಕ್ಟೋಮೀಟರ್. ಎರಡು, ಸಾಂದ್ರತೆ: 20 ಡಿಗ್ರಿ ತಾಪದಲ್ಲಿ ಒಂದು ಲೀಟರ್ 1.087ರಿಂದ 1.093 ಕಿಲೋ ತೂಗಬೇಕು. ಮೂರು, ಪ್ರಯೋಗಾಲಯದಲ್ಲಿ ದ್ರಾವಣವನ್ನು ಸುಟ್ಟು ಒಟ್ಟು ನೈಟ್ರೋಜನ್ ಅಳೆದು, ಅದರಿಂದ ಬಯುರೆಟ್ಟಿನ ಪಾಲು ಕಳೆದು ಯೂರಿಯಾ ಲೆಕ್ಕ ಹಾಕೋದು. ರೈತನ ಕೈಗೆ ಸಿಗೋದು ಮೊದಲ ಎರಡು.

ದ್ರಾಕ್ಷಿ, ದಾಳಿಂಬೆ, ಕಬ್ಬು ಬೆಳೆಯುವ ಗೆಳೆಯರ ಹತ್ತಿರ ಬ್ರಿಕ್ಸ್ ಮೀಟರ್ ಇದ್ದೇ ಇರುತ್ತೆ. ಅದೂ ಇದೇ ಜಾತಿ. ಒಳ್ಳೆಯ ಡೆಫ್ ಸಕ್ಕರೆ ಬ್ರಿಕ್ಸ್ ಮೀಟರಿನಲ್ಲಿ 31ರ ಆಸುಪಾಸು ತೋರಿಸುತ್ತೆ. 30ಕ್ಕಿಂತ ಕೆಳಗೆ ಬಂದರೆ ನೀರು ಬೆರೆತಿದೆ ಅಂತ ಅನುಮಾನಿಸಿ. 18 ಲೀಟರಿಗೆ 2 ಲೀಟರ್ ನೀರು ಹಾಕಿದ ಬಕೆಟ್ ಆದರೆ ಗೆರೆ 28ರ ಹತ್ತಿರ ಇಳಿಯುತ್ತೆ. 32 ದಾಟಿದರೂ ಬೇಡ.

ಈಗ ಯೋಚಿಸಿ. ಡೆಫ್ ಹಾಕಿದರೂ ಅದು ಸಕ್ಕರೆ ಇದೆ ಅಂತಲೇ ತಿಳಿದುಕೊಂಡು 31 ಅಂತ ಹೇಳ್ತಲ್ಲ? ಅಲ್ಲೇ ಇದೆ ನೋಡಿ ಇಡೀ ಕಥೆ. ಆ ಗಾಜಿಗೆ ಯೂರಿಯಾ ಯಾವುದು, ಸಕ್ಕರೆ ಯಾವುದು ಗೊತ್ತಿಲ್ಲ. ಬೆಳಕು ಎಷ್ಟು ಬಾಗಿತು ಅನ್ನೋದಷ್ಟೇ ಗೊತ್ತು. ಬೆಲ್ಲದ ನೀರು ಹದವಾಗಿ ಕಲಸಿ ಹಾಕಿದರೆ ಡೆಫ್ ಮೀಟರ್ ಅದಕ್ಕೂ 32.5 ಅಂತ ಸರ್ಟಿಫಿಕೇಟ್ ಕೊಡುತ್ತೆ. ಕೆಲವು ಗಾಡಿಗಳ ಟ್ಯಾಂಕಿನಲ್ಲಿರುವ ಸೆನ್ಸರಿನದೂ ಇದೇ ಹಣೆಬರಹ. ಅದು ಶಬ್ದದ ಅಲೆ ದ್ರಾವಣದಲ್ಲಿ ಎಷ್ಟು ವೇಗವಾಗಿ ಹೋಯ್ತು ಅಂತ ನೋಡುತ್ತೆ. ಬರೀ ನೀರು ಹಾಕಿದರೆ ಹಿಡಿಯುತ್ತೆ, ಹೊಲಸು ಯೂರಿಯಾ ಹಾಕಿದರೆ ಬಿಡುತ್ತೆ.

ಗೊಬ್ಬರದ ಯೂರಿಯಾ ಯಾಕೆ ಆಗಲ್ಲ? "ಯೂರಿಯಾ ಯೂರಿಯಾನೇ ಅಲ್ವಾ" ಅಂತ ಕೇಳೋರು ಬಹಳ. ಲೆಕ್ಕ ಕೊಡ್ತೀನಿ, ನೀವೇ ನೋಡಿ.

ಬಯುರೆಟ್. ಯೂರಿಯಾ ತಯಾರಾಗುವಾಗ ಕಾವಿಗೆ ಹುಟ್ಟುವ ಅಡ್ಡಬೆಳೆ ಇದು. ನಿಂಬೆ, ಮೋಸಂಬಿ ತೋಟದವರಿಗೆ ಚೆನ್ನಾಗಿ ಗೊತ್ತು: ಬಯುರೆಟ್ ಜಾಸ್ತಿ ಇರುವ ಯೂರಿಯಾ ಎಲೆಗೆ ಸಿಂಪಡಿಸಿದರೆ ತುದಿ ಹಳದಿಯಾಗುತ್ತೆ. ಗೊಬ್ಬರ ನಿಯಂತ್ರಣ ಆದೇಶ ಚೀಲದ ಯೂರಿಯಾದಲ್ಲಿ ಶೇ 1.5ರವರೆಗೆ ಬಯುರೆಟ್ ಒಪ್ಪುತ್ತೆ, ನೆಲಕ್ಕೆ ಹಾಕೋದಕ್ಕೆ ಅಷ್ಟು ಸಾಕು. ಅದನ್ನು ನೀರಿಗೆ ಹಾಕಿ 32.5 ಮಾಡಿದರೆ ದ್ರಾವಣದಲ್ಲಿ ಹತ್ತಿರ ಹತ್ತಿರ ಶೇ 0.5 ಬಯುರೆಟ್. ಡೆಫ್‌ಗೆ ಮಿತಿ ಶೇ 0.3. ಅಂದರೆ ಗೊಬ್ಬರವಾಗಿ ಕಾನೂನುಬದ್ಧವಾಗಿ ಪಾಸಾದ ಚೀಲವೇ ಡೆಫ್ ಆಗಿ ಫೇಲು.

ಬೇವಿನ ಎಣ್ಣೆ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ. ಮಣ್ಣಿನಲ್ಲಿ ಸಾರಜನಕ ನಿಧಾನವಾಗಿ ಬಿಡಲಿ, ಕಾರ್ಖಾನೆಗಳಿಗೆ ಕದ್ದು ಹೋಗೋದು ತಪ್ಪಲಿ ಅಂತ ಎರಡೂ ಉದ್ದೇಶ. ಹೊಲಕ್ಕೆ ಒಳ್ಳೆಯದೇ, ಇಂಜೆಕ್ಟರಿನ ಸಣ್ಣ ರಂಧ್ರಕ್ಕೆ ಅಲ್ಲ.

ನೀರು. ಇದನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಡೆಫ್‌ನಲ್ಲಿ ಕ್ಯಾಲ್ಸಿಯಂ ಮಿತಿ ಕಿಲೋಗೆ ಅರ್ಧ ಮಿಲಿಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಒಳ್ಳೆಯ ನೀರು ಅನ್ನುತ್ತೆ. ಅಂಥ ಒಳ್ಳೆಯ ನೀರಿನಲ್ಲಿ ಡೆಫ್ ಕಲಸಿದರೂ ಮಿತಿಯ ನೂರು ಪಟ್ಟು. ಇನ್ನು ನಮ್ಮ ಬೋರ್ ನೀರಿನ ಕಥೆ ಪಾತ್ರೆಯ ತಳ ನೋಡಿದರೇ ಗೊತ್ತು. ಸೋಡಿಯಂ, ಪೊಟ್ಯಾಶಿಯಂ, ರಂಜಕ, ಇವೆಲ್ಲ ಕ್ಯಾಟಲಿಸ್ಟಿಗೆ ವಿಷ. ಒಮ್ಮೆ ಹತ್ತಿಕೊಂಡರೆ ತೊಳೆದರೆ ಹೋಗಲ್ಲ, ಡಬ್ಬಿಯನ್ನೇ ಬದಲಿಸಬೇಕು.

ಇವುಗಳಲ್ಲಿ ಒಂದಾದರೂ ಆ ಪುಟ್ಟ ಮೀಟರಿಗೆ ಕಾಣುತ್ತಾ? ಒಂದೂ ಇಲ್ಲ.

ಇದೇನೂ ಹೊಸ ಮೋಸ ಅಲ್ಲ. ಹಾಲಿಗೆ ಲ್ಯಾಕ್ಟೋಮೀಟರ್ ಬಂದಾಗ ನೀರು ಬೆರೆಸಿದವರು ಸಿಕ್ಕಿಬಿದ್ದರು. ಆಮೇಲೆ ಅದೇ ಜನ ನೀರಿನ ಜೊತೆ ಸಕ್ಕರೆ, ಉಪ್ಪು, ಕೊನೆಗೆ ಇದೇ ಯೂರಿಯಾ ಬೆರೆಸಿ ಲ್ಯಾಕ್ಟೋಮೀಟರನ್ನು ಮೇಲೆತ್ತಿದರು. ಡೈರಿಯವರು ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಇಡಬೇಕಾಯ್ತು. ನೈಟ್ರೋಜನ್ ಅಳೆಯುವ ಲ್ಯಾಬ್ ಪರೀಕ್ಷೆಯೂ ಮೋಸ ಹೋಗುತ್ತೆ. 2008ರಲ್ಲಿ ಚೀನಾದಲ್ಲಿ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದು ಅದಕ್ಕೇ. ಪ್ರೋಟೀನ್ ಎಷ್ಟಿದೆ ಅಂತ ನೈಟ್ರೋಜನ್ ಅಳೆದು ನೋಡ್ತಿದ್ದರು, ಮೆಲಮೈನ್‌ನಲ್ಲಿ ನೈಟ್ರೋಜನ್ ದಂಡಿ. ಸಂಖ್ಯೆ ಸರಿ ಬಂತು, ಮಕ್ಕಳು ಸತ್ತರು. ಎಲ್ಲರೂ ಒಂದೇ ಸಂಖ್ಯೆ ನೋಡಿ ಕೊಳ್ಳಲು ಶುರು ಮಾಡಿದರೆ, ಕಲಬೆರಕೆಯವನು ಆ ಒಂದು ಸಂಖ್ಯೆಯನ್ನು ಸರಿ ಮಾಡಿಕೊಳ್ತಾನೆ, ಉಳಿದದ್ದನ್ನು ಕೈಬಿಡ್ತಾನೆ.

ಹಾಗಂತ ಮೀಟರ್ ಎಸೆಯಿರಿ ಅಂತ ನಾನು ಹೇಳ್ತಿಲ್ಲ. ನೀರು ಬೆರೆಸಿದವನನ್ನು ಅದು ಹಿಡಿಯುತ್ತೆ, ಅಷ್ಟರ ಮಟ್ಟಿಗೆ ಅದು ಬೇಕೇ ಬೇಕು. ಅದು ಫೇಲ್ ಮಾಡಿದ ಬಕೆಟ್ ಖಂಡಿತ ಬೇಡ. ಆದರೆ ಅದು ಪಾಸ್ ಮಾಡಿದ ಬಕೆಟ್ ಒಳ್ಳೆಯದು ಅಂತ ಅರ್ಥ ಅಲ್ಲ. ಇಷ್ಟನ್ನು ಅಣ್ಣನ ಮಗನಿಗೆ ಮೊದಲೇ ಹೇಳಿಕೊಟ್ಟಿದ್ದರೆ ನಲವತ್ತು ಸಾವಿರ ಉಳೀತಿತ್ತು.

ಇನ್ನೊಂದು ಮಾತು, ಇದು ಹೊಟ್ಟೆ ಉರಿಯೋ ಮಾತು. 45 ಕಿಲೋ ಯೂರಿಯಾ ಚೀಲ ನಮಗೆ 266 ರೂಪಾಯಿ ಚಿಲ್ಲರೆಗೆ ಸಿಗುತ್ತೆ. ಅದರ ನಿಜವಾದ ಖರ್ಚು ಎರಡು ಸಾವಿರಕ್ಕೂ ಮೇಲೆ, ಉಳಿದದ್ದು ಸಬ್ಸಿಡಿ. 20 ಲೀಟರ್ ಡೆಫ್‌ಗೆ ಬೇಕಾದ ಯೂರಿಯಾ ಏಳು ಕಿಲೋ ಚಿಲ್ಲರೆ. ಒಂದು ಚೀಲದಿಂದ ಆರು ಬಕೆಟ್! ಸಾವಿರದ ಮೇಲೆ ಮಾರುವ ಬಕೆಟ್ಟಿಗೆ ಐವತ್ತು ರೂಪಾಯಿಯ ಯೂರಿಯಾ. ಆಸೆ ಹುಟ್ಟದೆ ಇರುತ್ತಾ? ಸಬ್ಸಿಡಿ ಗೊಬ್ಬರವನ್ನು ನೆಲಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಬಳಸೋದು ಅಪರಾಧ. ಆದರೂ ಪ್ಲೈವುಡ್, ಅಂಟು, ಡೆಫ್ ಅಂತ ಅದು ಹೋಗ್ತಾನೇ ಇದೆ, ಕೇಂದ್ರದ ತನಿಖಾ ದಳಗಳೂ ಹಿಡಿದಿವೆ. 2025ರ ಮುಂಗಾರಿನಲ್ಲಿ ಕೊಪ್ಪಳ, ರಾಯಚೂರು ಕಡೆ ಯೂರಿಯಾಕ್ಕೆ ನಾವು ಹೇಗೆ ಸಾಲು ನಿಂತಿದ್ವಿ ಅಂತ ನೆನಪಿದೆ ತಾನೇ? ಆಧಾರ್ ಕಾರ್ಡ್ ಹಿಡಿದು, ಚಪ್ಪಲಿ ಸಾಲಿಗಿಟ್ಟು. ಆ ಸಾಲಿನಲ್ಲಿ ನಮಗೆ ಸಿಗದ ಚೀಲ ಎಲ್ಲೋ ಒಂದು ಶೆಡ್ಡಿನಲ್ಲಿ ಡ್ರಮ್ಮಿಗೆ ಬಿದ್ದು, ಬಕೆಟ್ಟಾಗಿ, ನಮ್ಮದೇ ಲಾರಿಗೆ ವಾಪಸ್ ಬಂದು, ನಮ್ಮದೇ ಇಂಜೆಕ್ಟರ್ ಕಟ್ಟಿಸಿತು ಅಂದರೆ? ಅಗ್ಗಕ್ಕೆ ಕೊಂಡವರೂ ನಾವೇ, ಸಾಲಿನಲ್ಲಿ ನಿಂತವರೂ ನಾವೇ.

ನಮ್ಮ ಕೆಲ ಗೆಳೆಯರು ಮನೆಯಲ್ಲೇ ಕಲಸ್ತೀನಿ ಅಂತಾರೆ. "ಎಣ್ಣೆ ಹೊಡಿಯೋ ಡ್ರಮ್ಮಿನ್ಯಾಗ ಯೂರಿಯಾ ಕಲಸೋದು ನಮಗ ಹೊಸದೇನು?" ಅಂತ. ಹೊಸದಲ್ಲ ನಿಜ. ಆದರೆ ಎಲೆ ಬೇರೆ, ಕ್ಯಾಟಲಿಸ್ಟ್ ಬೇರೆ. ದಯವಿಟ್ಟು ಮಾಡಬೇಡಿ. ಇನ್ನು ಕೆಲವರು ಸೆನ್ಸರಿಗೆ ಸುಳ್ಳು ಸಿಗ್ನಲ್ ಕೊಡುವ ಡಬ್ಬಿ ಹಾಕಿಸಿ ಡೆಫ್ ಗೊಡವೆಯೇ ಬೇಡ ಅಂತಾರೆ. ಕೊಯ್ಲಿನ ಹೊತ್ತಿನಲ್ಲಿ ಗಾಡಿ ಎಳೆಯದಿದ್ದರೆ ಯಾರಿಗಾದರೂ ಅನಿಸುತ್ತೆ, ನನಗೂ ಆ ರಾತ್ರಿ ಅನಿಸಿತ್ತು. ಆದರೆ ಆ ಹೊಗೆ ಹೋಗೋದು ಎಲ್ಲಿಗೆ? ಮಿಲ್ಲಿನ ಮುಂದೆ ಐವತ್ತು ಲಾರಿ ಸಾಲು ನಿಂತಾಗ ಅಲ್ಲೇ ಹಮಾಲರು ಊಟ ಮಾಡ್ತಾರೆ, ಅಲ್ಲೇ ಹೆಣ್ಣುಮಕ್ಕಳು ಚೀಲ ಹೊಲೀತಾರೆ. ಅವರ ಎದೆಗೂ ಲೆಕ್ಕ ಇದೆ.

ನಾನು ಈಗ ಮಾಡೋದು ಇಷ್ಟು. ಸೀಲ್ ಒಡೆಯದ ಬಕೆಟ್, ಬ್ಯಾಚ್ ನಂಬರ್ ಮತ್ತು ತಯಾರಾದ ತಿಂಗಳು ಇದ್ದರೆ ಮಾತ್ರ. ಬಿಲ್ ಇಲ್ಲದೆ ಇಲ್ಲ. ಬೀಜದ ಚೀಲ, ಬಿಲ್ಲು ಎತ್ತಿಡ್ತೀವಲ್ಲ, ಹಾಗೇ ಪ್ರತಿ ಬಕೆಟ್ಟಿನಿಂದ ಅರ್ಧ ಲೀಟರ್ ಶುಚಿಯಾದ ಬಾಟಲಿಗೆ ತೆಗೆದು, ತಾರೀಖು ಬರೆದು ಎತ್ತಿಡ್ತೀನಿ. ನಾಳೆ ಜಗಳ ಬಂದರೆ ತೋರಿಸಲಿಕ್ಕೆ ಏನಾದರೂ ಬೇಕಲ್ಲ. ಬಾಟಲಿ ಬೆಳಕಿಗೆ ಹಿಡಿದರೆ ನೀರಿನ ಹಾಗೆ ತಿಳಿಯಾಗಿರಬೇಕು. ಪೊರೆ, ಮಬ್ಬು, ತಳದಲ್ಲಿ ಕೆಸರು, ಬೇವಿನ ವಾಸನೆ, ಇವುಗಳಲ್ಲಿ ಒಂದಿದ್ದರೂ ವಾಪಸ್. ಆಮೇಲೆ ಮೀಟರ್. ಮೊದಲು ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆ ಸರಿ ಇದೆಯಾ ನೋಡಬೇಕು. ಮಧ್ಯಾಹ್ನದ 42 ಡಿಗ್ರಿಯಲ್ಲಿ ಅಲ್ಲ, ಬೆಳಿಗ್ಗೆ ನೆರಳಲ್ಲಿ. ಸಾಮಾನ್ಯ ಮೀಟರುಗಳ ತಾಪ ಸರಿದೂಗಿಸುವ ವ್ಯವಸ್ಥೆ 30 ಡಿಗ್ರಿ ಆಸುಪಾಸಿನವರೆಗೆ ಮಾತ್ರ ನಂಬಿಕಸ್ಥ. ಡೀಸೆಲ್ ಕ್ಯಾನು, ಔಷಧಿ ಕೊಳವೆ ಡೆಫ್ ಹತ್ತಿರ ಸುಳಿಯಕೂಡದು. ಕೂಡಿಡೋದೂ ಇಲ್ಲ. ಮಾನಕದ ಪ್ರಕಾರ 30 ಡಿಗ್ರಿಯಲ್ಲಿ ಇಟ್ಟರೆ ಒಂದು ವರ್ಷ, 35 ಡಿಗ್ರಿಯಲ್ಲಿ ಆರೇ ತಿಂಗಳು ಬಾಳಿಕೆ. ಅದರ ಮೇಲೆ ಭರವಸೆಯೇ ಇಲ್ಲ, ಪ್ರತಿ ಸಲ ಪರೀಕ್ಷಿಸಿಯೇ ಹಾಕಬೇಕು. ತಗಡಿನ ಶೆಡ್ಡಿನಲ್ಲಿ ಮೇ ತಿಂಗಳು ಕಳೆದ ಬಕೆಟ್ ಒಳ್ಳೆಯ ಕಂಪನಿಯದಾದರೂ ನಂಬಬೇಡಿ.

ಆದರೆ ಎಲ್ಲ ಭಾರ ಕೊಳ್ಳುವವನ ಹೆಗಲ ಮೇಲೇ ಯಾಕೆ? ಪೆಟ್ರೋಲ್ ಬಂಕಿನಲ್ಲಿ ಗಿರಾಕಿ ಕೇಳಿದರೆ ಫಿಲ್ಟರ್ ಪೇಪರ್ ಕೊಡಬೇಕು, ಸಾಂದ್ರತೆ ಅಳೆದು ತೋರಿಸಬೇಕು. ಡೆಫ್ ಮಾರುವ ಕಡೆಯೂ ಮೀಟರಿನ ಜೊತೆಗೆ ಆ ಬ್ಯಾಚಿನ ಲ್ಯಾಬ್ ವರದಿ, ಅದರಲ್ಲಿ ಬಯುರೆಟ್ ಮತ್ತು ಲೋಹಗಳ ಅಂಕಿ ಸಮೇತ, ಗೋಡೆಗೆ ಅಂಟಿಸಿರಲಿ. ಇನ್ನೊಂದು, ಸರ್ಕಾರದ ಗೊಬ್ಬರ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಯೂರಿಯಾದ ಬಯುರೆಟ್ ಹೇಗೂ ನೋಡ್ತಾರೆ. ತಾಮ್ರದ ದ್ರಾವಣ ಹಾಕಿದರೆ ನೇರಳೆ ಬಣ್ಣ ಬರುವ ಹಳೆಯ ವಿಧಾನವೇ ಅದು. ಅಲ್ಲೇ ಒಂದು ಶುಲ್ಕ ಇಟ್ಟು ರೈತ, ಲಾರಿ ಮಾಲೀಕ ತಂದ ಡೆಫ್ ಬಾಟಲಿಯನ್ನೂ ನೋಡಿಕೊಡಲಿ. ಬಯುರೆಟ್ ಜಾಸ್ತಿ ಬಂತು ಅಂದರೆ ಎರಡು ಕಳ್ಳತನ ಒಟ್ಟಿಗೆ ಸಿಗುತ್ತೆ: ಗಿರಾಕಿಗೆ ಮಾಡಿದ್ದು, ಸಬ್ಸಿಡಿಗೆ ಮಾಡಿದ್ದು. ಕೃಷಿ ಇಲಾಖೆಗೂ ಸಾರಿಗೆ ಇಲಾಖೆಗೂ ಇದು ಒಂದೇ ಬಾಟಲಿ.

ಮಿಲ್ಲಿಗೆ ಭತ್ತ ಒಯ್ದರೆ ನಮ್ಮ ಮುಂದೆಯೇ ತೇವಾಂಶದ ಮೀಟರ್ ಹಾಕ್ತಾರೆ. 17ರ ಮೇಲೆ ಒಂದು ಗೆರೆ ಹೋದರೆ ಬೆಲೆ ಕಡಿತ. ಅದಷ್ಟೇ ಅಲ್ಲ, ಮುಷ್ಟಿ ಭತ್ತ ತೆಗೆದು ಉಜ್ಜಿ ನೋಡ್ತಾರೆ, ಕಲ್ಲು, ಜೊಳ್ಳು, ಬಣ್ಣ ಎಲ್ಲ ನೋಡ್ತಾರೆ. ನಾವು ಮಾರುವಾಗ ಒಂದು ಮೀಟರ್ ಸಾಲಲ್ಲ ಅಂತ ಅವರಿಗೆ ಗೊತ್ತು. ನಾವು ಕೊಳ್ಳುವಾಗ ಒಂದು ಮೀಟರ್ ನೋಡಿ ಸಾಕು ಅಂದುಕೊಳ್ತೀವಿ.

ಅಣ್ಣನ ಮಗ ಈಗ ಅಂಗಡಿಯಲ್ಲಿ ಮೊದಲು ಕೇಳೋದು 32.5 ಅಲ್ಲ. "ಬ್ಯಾಚ್ ರಿಪೋರ್ಟ್ ಐತೇನ್ರಿ?" ಅಂತಾನೆ. ಅರ್ಧ ಜನ ಇಲ್ಲ ಅಂತಾರಂತೆ. ಅಲ್ಲಿಂದ ಅವನು ಬರಿಗೈಯಲ್ಲಿ ವಾಪಸ್ ಬರ್ತಾನೆ.